ಗೌಜಲಕ್ಕಿಯ ಎಣಿಕೆ

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಮಗ್ಗವನ್ನು ಎಂದೂ ಬರಿದು ಮಾಡುತ್ತಿರಲಿಲ್ಲ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆ, ಮುಗಿದು ಸೀರೆಗಳನ್ನು ಕೊಯ್ದು ತೆಗೆದ ಮೇಲೂ ಹಣಿಗೆಯ ಹಲ್ಲುಗಳ ನಡುವೆ ಗೇಣುದ್ದದ ಹಳೆಯ ಎಳೆಗಳು ಉಳಿದಿರುತ್ತಿದ್ದವು. ಅವ್ವ ಒಲೆಯ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನಿಟ್ಟು ಒಮ್ಮೆ ಹೊಸೆದರೆ ಎರಡೂ ಒಂದಾಗಿಬಿಡುತ್ತಿದ್ದವು. ಹೀಗೆ ಸಾವಿರಾರು ಎಳೆ. ಎರಡು ದಿನ ಅವಳು ಅಲ್ಲಿಂದ ಏಳುತ್ತಿರಲಿಲ್ಲ, ಆ ಎರಡು ದಿನವೂ ನಮಗೆ ಬೆಳಗಿನ ಮುದ್ದೆಯೇ ಮಧ್ಯಾಹ್ನಕ್ಕೂ. ಆಮೇಲೆ ಹಳೆಯದು ಹೊಸದನ್ನು ಎಳೆದುಕೊಂಡು ಹಣಿಗೆ ದಾಟಿ ಈಚೆ ಬರುತ್ತಿತ್ತು. ತಾತ ಮೊದಲು ಹೂಡಿದ ಹಾಸೇ ಇನ್ನೂ ಮುಗಿದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ನಾನು ಹುಟ್ಟುವ ಮೊದಲೇ ತಾತ ಹೋಗಿದ್ದ. ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಆ ಹಾಸು, ಮತ್ತೆ ಅವನ ಗೌಜಲಕ್ಕಿ.

ಗೌಜಲಕ್ಕಿ ನಮ್ಮ ಮನೆಯ ಬುಟ್ಟಾ. ಬೇರೆ ಮನೆಗಳಲ್ಲಿ ರಟ್ಟಿಗೆ ತೂತು ಹೊಡೆದು ಮಗ್ಗದ ಮೇಲೆ ಕಟ್ಟಿಕೊಂಡಿದ್ದರು, ರಟ್ಟು ತಿರುಗಿದಂತೆ ಚಿತ್ರ ತಾನೇ ಬೀಳುತ್ತಿತ್ತು. ಅಪ್ಪ ಮಾತ್ರ ಹಾಸಿನ ಎಳೆಗಳನ್ನು ಬೆರಳಲ್ಲಿ ಎಣಿಸಿ, ಇಷ್ಟು ಬಿಟ್ಟು ಇಷ್ಟು ಎತ್ತಿ, ಎತ್ತಿದ ಸಂದಿಯಲ್ಲಿ ಜರಿ ತೂರಿಸಿ ಹಕ್ಕಿ ಮಾಡುತ್ತಿದ್ದ. ಬಂಡೆ ಸಂದಿಯಲ್ಲಿ ಓಡುವ ಗೌಜಲು ಒಂದು ಕ್ಷಣ ನಿಂತು ಹಿಂದಕ್ಕೆ ನೋಡುತ್ತದಲ್ಲ, ಆ ಹಕ್ಕಿ. ಕುತ್ತಿಗೆ ತಿರುಗುವ ಜಾಗದಲ್ಲಿ ಎಣಿಕೆ ಸಾಲು ಸಾಲಿಗೂ ಬದಲಾಗುತ್ತಿತ್ತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಅಪ್ಪ ಹಕ್ಕಿಗೆ ಕೈಹಾಕಿದ ಕೂಡಲೇ ನನ್ನನ್ನು ಪಡಸಾಲೆಯಿಂದ ಹೊರಗೆ ಕಳಿಸುತ್ತಿದ್ದರು. ಎಣಿಕೆ ಮಗನಿಗೆ ಹೇಳಬಹುದು, ಸೊಸೆಗೂ ಹೇಳಬಹುದು, ಮಗಳಿಗೆ ಹೇಳಬಾರದು. ಮಗಳು ಅದನ್ನು ಬೇರೆ ಮನೆಗೆ ಕೊಂಡೊಯ್ಯುತ್ತಾಳೆ. ನಾನೋ ಒಬ್ಬಳೇ ಮಗಳು. ಒಮ್ಮೆ ಅಪ್ಪನ ಬೆನ್ನ ಹಿಂದೆ ನಿಂತು ಗಟ್ಟಿಯಾಗಿ ಎಣಿಸಿದ್ದಕ್ಕೆ ಅಜ್ಜಿ ನನ್ನ ಜಡೆ ಹಿಡಿದು ಅಡುಗೆಮನೆವರೆಗೆ ಎಳೆದುಕೊಂಡು ಹೋದಳು.

"ಹೆಣ್ಣುಕೂಸು ಹೋದ ಮನೆಗೆ ಎಣಿಕೇನೂ ಹೋಗ್ತೈತೆ. ಆ ಕಡೆ ತಿರುಗೂ ನೋಡಬ್ಯಾಡ," ಅಂದಳು.

ಅಜ್ಜಿ ಅಪ್ಪನ ತಾಯಿ, ರಾಯದುರ್ಗದ ಕಡೆಯಿಂದ ಬಂದವಳು. ಸಿಟ್ಟು ಬಂದರೆ ಅವಳಿಗೆ ಅರ್ಧ ತೆಲುಗು. ಅವಳ ಬೈಗುಳ ನನಗೆ ತಟ್ಟುತ್ತಿರಲಿಲ್ಲ. ಅಪ್ಪ ಬೈಯದೆ, ನಾನು ಹೊಸ್ತಿಲು ದಾಟುವ ತನಕ ಎರಡೂ ಕೈಯನ್ನು ಹಾಸಿನ ಮೇಲೆ ಸುಮ್ಮನೆ ಇಟ್ಟುಕೊಂಡು ಕಾಯುತ್ತಿದ್ದನಲ್ಲ, ಅದು ನನ್ನನ್ನು ಸುಡುತ್ತಿತ್ತು. ನನ್ನ ಮನೆಯಲ್ಲೇ ನಾನು ಕಳ್ಳಿಯಂತೆ ಬೆಳೆಯುತ್ತಿದ್ದೇನೆ ಎಂದು ನನಗೆ ಅನ್ನಿಸುತ್ತಿತ್ತು.

ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಅಪ್ಪ ಉಣ್ಣುತ್ತಿದ್ದವನು ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ಬಾಯಿಗೆ ಒಯ್ಯುವಷ್ಟರಲ್ಲಿ ತುತ್ತು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನೇ ನೋಡುತ್ತಾ ಕುಳಿತ. ಎತ್ತಿಕೊಳ್ಳಲು ಬಲಗೈ ಮೇಲೇಳಲಿಲ್ಲ. ಚಿತ್ರದುರ್ಗದ ಆಸ್ಪತ್ರೆಯಿಂದ ತಿಂಗಳ ಮೇಲೆ ಮನೆಗೆ ಬಂದಾಗ ಬಲಗೈ, ಬಲಗಾಲು ಎರಡೂ ಹೋಗಿದ್ದವು, ಮಾತು ಒಂದೊಂದೇ ಚೂರಾಗಿ ಬರುತ್ತಿತ್ತು, ಅದೂ ಬಹಳ ತಡೆದು. ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ನಿಂತಿತ್ತು. ಸೀರೆಯ ಬರಿಯ ಮೈಯನ್ನಾದರೆ ಅವ್ವ ನೇಯಬಲ್ಲಳು. ಹಕ್ಕಿ ಅವಳಿಗೆ ಗೊತ್ತಿರಲಿಲ್ಲ. ಗಂಡ ಗಟ್ಟಿಯಾಗಿರುವಾಗ ಯಾಕೆ ಬೇಕು ಎಂದು ಅವಳು ಕೇಳಿರಲಿಲ್ಲ, ಈಗ ಕೇಳಿದರೆ ಹೇಳಲು ಅಪ್ಪನಿಗೆ ನಾಲಿಗೆ ಇರಲಿಲ್ಲ. ದಿನಾ ಬೆಳಿಗ್ಗೆ ಅವ್ವ ಹಾಸಿನ ಮೇಲಿನ ದೂಳು ಹೊಡೆದು, ಮಗ್ಗದ ಕಂಬಕ್ಕೆ ಕುಂಕುಮ ಇಟ್ಟು ಒಳಗೆ ಹೋಗುತ್ತಿದ್ದಳು. ಲಾಳಿಯ ಸದ್ದಿಲ್ಲದ ಆ ಪಡಸಾಲೆಗೆ ಕಾಲಿಡಲು ನನಗೆ ಭಯವಾಗುತ್ತಿತ್ತು.

ಅದೇ ಹೊತ್ತಿಗೆ ಮಾವ ಕಂಪ್ಯೂಟರು ತಂದ. ಮಾವ ಅವ್ವನ ತಮ್ಮ, ಚಳ್ಳಕೆರೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ. ಕೇಂದ್ರ ಮುಚ್ಚಿತು, ಹಳೆಯ ಯಂತ್ರವೊಂದು ಅವನ ಪಾಲಿಗೆ ಬಂತು. ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದಿದ್ದ. ಬಹಳ ದಿನ ಅದರಿಂದ ಕಡ್ಲೆಕಾಯಿ ಹಿಂಡಿಯ ವಾಸನೆ ಬರುತ್ತಿತ್ತು.

"ಮಗ್ಗ ನಿಂತಿರೋ ಮನೆಗೆ ಟೀವಿ ತರ್ತಾರೇನೋ," ಅಂದಳು ಅಜ್ಜಿ.

"ಟೀವಿ ಅಲ್ರೀ ಅತ್ತೆ, ಕಂಪ್ಯೂಟರು. ನಾವು ಹೇಳ್ದಂಗೆ ಕೇಳ್ತೈತೆ."

"ಹೇಳ್ದಂಗೆ ಕೇಳೋದು ಈ ಮನೇಲಿ ಯಾವ್ದೂ ಇಲ್ಲ. ಅಲ್ಲಿ ಜ್ವಾಳದ ಮೂಟೆ ಪಕ್ಕ ಇಡು."

ನಡುಮನೆಯ ಜೋಳದ ಮೂಟೆಯ ಪಕ್ಕ ಅದು ಕುಳಿತಿತು. ಮರುದಿನ ಅವ್ವ ಅದಕ್ಕೂ ಕುಂಕುಮ ಇಟ್ಟಳು. ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಿಟ್ಟಿಯಾಗಿ ಬಂದ ಸೀಡಿಯೊಂದರಲ್ಲಿ ಮಾವನಿಗೆ ಒಂದು ತಂತ್ರಾಂಶ ಸಿಕ್ಕಿತ್ತು. ಕೇಂದ್ರದಲ್ಲಿ ಕಲಿಸುತ್ತಿದ್ದದ್ದು ಬೇರೆ: ಸಾಲು ಸಾಲು ಬರೆಯಬೇಕು, ಬರೆದಾದ ಮೇಲೆ ಓಡಿಸಬೇಕು, ತಪ್ಪಿದ್ದರೆ ನಿಲ್ಲಿಸಿ ಮತ್ತೆ ಮೊದಲಿಂದ. ಇದು ಹಾಗಲ್ಲ. ಇದರಲ್ಲಿ ಪರದೆಯ ಮೇಲಿರುವುದೆಲ್ಲ ಆಗಲೇ ನಡೆಯುತ್ತಿರುತ್ತದೆ, ನಡೆಯುತ್ತಿರುವಾಗಲೇ ಕೈಹಾಕಿ ಬದಲಾಯಿಸಬೇಕು. ಮಾವ ಒಂದು ನೀಲಿ ಚೌಕದ ಮೇಲೆ ಒತ್ತಿದ. ಅದರ ಸುತ್ತ ಬಣ್ಣಬಣ್ಣದ ಪುಟ್ಟ ಗುಂಡಿಗಳು ಬಳೆಯ ಹಾಗೆ ಎದ್ದು ನಿಂತವು.

"ಇಲ್ಲಿ ಕಾಣೋದೆಲ್ಲ ಜೀವ ಇರೋ ವಸ್ತು ಅಮ್ಮಣ್ಣಿ. ಯಾವ್ದನ್ನ ಬೇಕಾದ್ರೂ ಕೇಳು, ನಿನ್ನೊಳಗೆ ಏನೈತೆ ಅಂತ. ತೆಗೆದು ತೋರಿಸ್ತೈತೆ. ಇದಕ್ಕೆ ಮುಚ್ಚಿಡಾಕೆ ಬರಲ್ಲ."

"ಯಾವ್ದನ್ನ ಬೇಕಾದ್ರೂನಾ?"

"ಯಾವ್ದನ್ನ ಬೇಕಾದ್ರೂ. ಈ ಬಾಣದ ಗುರುತು ಐತಲ್ಲ, ಅದನ್ನೂ."

ನಮ್ಮ ಮನೆಯಲ್ಲಿ ಯಾವ ವಸ್ತುವಿನ ಬಗ್ಗೆಯೂ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಮಾವ ಚಳ್ಳಕೆರೆಗೆ ಮರಳಿದ ಮೇಲೆ ಶಾಲೆಯಿಂದ ಬಂದವಳೇ ನಾನು ಮೂಟೆಗೆ ಒರಗಿ ಕೂರುತ್ತಿದ್ದೆ. ಮೊದಲು ಒಂದು ಸಗಣಿಹುಳ ಬರೆದೆ. ಅದರ ಬಳೆಯ ಗುಂಡಿಯೊಂದನ್ನು ಒತ್ತಿದರೆ ಅದು ಎಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಬಣ್ಣ ಯಾವುದು ಎಲ್ಲವೂ ಪಟ್ಟಿಯಾಗಿ ತೆರೆದುಕೊಂಡಿತು. ಐದು ಹೆಜ್ಜೆ ಮುಂದೆ ಹೋಗು ಎಂದು ಬರೆದು ಬಿಟ್ಟೆ, ನಡೆಯತೊಡಗಿತು. ಅದು ನಡೆಯುತ್ತಿರುವಾಗಲೇ ಐದನ್ನು ಹತ್ತು ಮಾಡಿದರೆ ನಿಲ್ಲದೆ ಓಟಕ್ಕೆ ಬಿತ್ತು. ತಪ್ಪು ಬರೆದರೆ ಎಲ್ಲಿ ಎಡವಿತೋ ಅಲ್ಲೇ ಒಂದು ಕಿಟಕಿ ತೆರೆದು, ಇಲ್ಲಿ ಹೀಗಾಯಿತು ಎಂದು ತೋರಿಸಿ ಕಾಯುತ್ತಿತ್ತು, ತಿದ್ದಿದರೆ ಅಲ್ಲಿಂದಲೇ ಮುಂದುವರಿಯುತ್ತಿತ್ತು. ಕನ್ನಡ ಶಾಲೆಯ ನನಗೆ ಅದರ ಇಂಗ್ಲಿಷು ಅರ್ಧವೂ ತಿಳಿಯುತ್ತಿರಲಿಲ್ಲ, ಒತ್ತಿ ನೋಡಿ ತಿಳಿಯುತ್ತಿದ್ದೆ. ಕಿಟಕಿಯನ್ನು ಮುಚ್ಚುವ ಗುಂಡಿಯನ್ನೇ ಕಿತ್ತು ಪರದೆಯ ಮೂಲೆಯಲ್ಲಿಟ್ಟೆ, ಅಲ್ಲಿಂದಲೂ ಅದು ತನ್ನ ಕೆಲಸ ಮಾಡಿತು. ಒಂದು ಹುಳವನ್ನು ಐವತ್ತು ಮಾಡಿದೆ. ಮಾವ ಮುಂದಿನ ಭಾನುವಾರ ಬಂದಾಗ ಒಂದು ಮಾತು ಹೇಳಿದ್ದ, ಅದು ನನಗೆ ಬಹಳ ಹಿಡಿಸಿತು.

"ಒಂದೊಂದಕ್ಕೂ ಒಂದು ಮನೆತನ ಐತೆ. ಮನೆತನದ ಪದ್ಧತಿ ಬದಲಾಯ್ಸಿದ್ಯೋ, ಅದರಾಗೆ ಹುಟ್ಟಿದೋರೆಲ್ಲ ಆ ಕ್ಷಣಕ್ಕೇ ಬದಲಾಗ್ತಾರೆ. ಹುಷಾರು."

ನಾನು ಹುಳದ ಮನೆತನಕ್ಕೆ ಎಡಕ್ಕೆ ತಿರುಗುವ ಪದ್ಧತಿ ಬರೆದೆ, ಐವತ್ತೂ ಒಮ್ಮೆಲೇ ತಿರುಗಿದವು. ಮುಚ್ಚುವಾಗ ಅದು ಇಡೀ ಲೋಕವನ್ನು ಇದ್ದದ್ದು ಇದ್ದ ಹಾಗೆ ಉಳಿಸಿಕೊಳ್ಳುತ್ತಿತ್ತು, ಮರುದಿನ ತೆರೆದರೆ ಹುಳಗಳು ಎತ್ತಿದ ಕಾಲನ್ನು ಇಳಿಸಿ ಮುಂದಕ್ಕೆ ನಡೆಯುತ್ತಿದ್ದವು. ಅವ್ವ ಹಳೆ ಎಳೆಗೆ ಹೊಸ ಎಳೆ ಕೂಡಿಸುವ ಹಾಗೆಯೇ ಇದೂ ಎಂದು ನನಗೆ ಅನ್ನಿಸಿತು. ಅದಾಗಿ ಎಷ್ಟೋ ವರ್ಷವಾಯಿತು, ಈಗ ನಾನು ಚಳ್ಳಕೆರೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಯಾವ ಮಗುವಾದರೂ ಇದರೊಳಗೆ ಏನಿದೆ ಮೇಡಂ ಎಂದು ಕೇಳಿದರೆ ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ಸ್ವಭಾವ ನನಗೆ ಅಂಟಿದ್ದು ಜೋಳದ ಮೂಟೆಯ ಪಕ್ಕದಲ್ಲಿ.

ಹಕ್ಕಿಯನ್ನು ಅದರಲ್ಲಿ ಮಾಡೋಣ ಎಂದವನು ಮಾವ. ಪರದೆಯ ಮೇಲೆ ಸಾವಿರಾರು ಪುಟ್ಟ ಚೌಕಗಳನ್ನು ಹಾಸಿದ. ಒಂದೊಂದು ಚೌಕವೂ ಒಂದೊಂದು ಎಳೆ. ಒತ್ತಿದರೆ ಎಳೆ ಎದ್ದಿತು ಎಂದು ಚೌಕ ಹಳದಿಯಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಕೆಳಗಿಳಿಯುತ್ತದೆ. ಅಪ್ಪ ಎಡಗೈಯಲ್ಲಿ ಒತ್ತಿ ಒತ್ತಿ ಹಕ್ಕಿಯನ್ನು ಕೂರಿಸಿದರೆ ಅವ್ವ ಅದನ್ನು ನೋಡಿಕೊಂಡು ಮಗ್ಗದಲ್ಲಿ ಎಳೆ ಎತ್ತಬಹುದು. ಬಾಯಿ ಬಿಟ್ಟು ಹೇಳುವ ಕೆಲಸವೇ ಇಲ್ಲ. ಅಪ್ಪ ಒಪ್ಪಿದ. ದಿನಾ ಬೆಳಿಗ್ಗೆ ಕರೆಂಟು ಇರುವ ಹೊತ್ತಿನಲ್ಲಿ ನಾನೂ ಅವ್ವನೂ ಅವನನ್ನು ಹಿಡಿದು ತಂದು ಕೂರಿಸುತ್ತಿದ್ದೆವು. ಯಂತ್ರ ತೆರೆದುಕೊಡುವವಳು ನಾನು. ಚೌಕಗಳು ಬಂದ ಕೂಡಲೇ ಅಪ್ಪ ಎಡಗೈಯಿಂದ ಅಂಗಳದ ಕಡೆ ತೋರಿಸುತ್ತಿದ್ದ. ಹೋಗು ಎಂದು. ನಾನು ಹೋಗುತ್ತಿದ್ದೆ. ಒಂದು ಬೆಳಿಗ್ಗೆಗೆ ಎರಡು ಮೂರು ಸಾಲು. ಇಟ್ಟು, ದೂರದಿಂದ ನೋಡಿ, ತೆಗೆದು, ಮತ್ತೆ ಇಡುತ್ತಿದ್ದ. ಮುಗಿದ ಮೇಲೆ ಆ ಕಿಟಕಿಯನ್ನು ಮಡಿಚಿ ಮೂಲೆಗೆ ಸೇರಿಸುವುದನ್ನು ಮಾವನಿಂದ ಕಲಿತಿದ್ದ. ಲಕ್ವಾ ಹೊಡೆದ ಮೇಲೂ ನನ್ನ ಕಣ್ಣಿಂದ ಮುಚ್ಚಿಡುವುದನ್ನು ಅವನು ಮರೆತಿರಲಿಲ್ಲ. ಹದಿನೈದು ಇಪ್ಪತ್ತು ದಿನಕ್ಕೆ ಹಕ್ಕಿ ಮುಗಿಯಿತು. ಸೋಮವಾರ ಒಳ್ಳೆಯ ದಿನ, ಅಂದು ಅವ್ವನಿಗೆ ತೋರಿಸುವುದು ಎಂದಾಯಿತು.

ಗುರುವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾನು ಆ ಕಿಟಕಿಯನ್ನು ಬಿಡಿಸಿದೆ. ಅಲ್ಲಿ ಮುಚ್ಚಿಡಲು ಬರುವುದಿಲ್ಲ, ನನಗೆ ಗೊತ್ತಿತ್ತು. ಹಳದಿ ಹಕ್ಕಿ ಹಿಂತಿರುಗಿ ನನ್ನನ್ನು ನೋಡಿತು. ನೋಡಿದಷ್ಟಕ್ಕೆ ನನ್ನ ಹೊಟ್ಟೆ ತುಂಬಲಿಲ್ಲ. ಚಿತ್ರ ಬೇಡ, ಎಣಿಕೆ ಬೇಕು, ಎಷ್ಟು ಬಿಟ್ಟು ಎಷ್ಟು ಎತ್ತಬೇಕು ಎಂದು ಚೌಕಗಳೇ ನನಗೆ ಹೇಳಬೇಕು. ಒಂದು ಚೌಕವನ್ನು ತೆರೆದು ನೋಡಿದೆ. ಅದರೊಳಗೆ ಒಂದು ಗೂಡು, ಗೂಡಿನಲ್ಲಿ ಎದ್ದಿದೆ ಅಥವಾ ಇಳಿದಿದೆ ಎಂಬ ಒಂದೇ ಮಾತು. ಅದನ್ನು ತೆಗೆದು ಎಣಿಕೆಯೂ ಹಿಡಿಯುವಂಥ ದೊಡ್ಡ ಗೂಡು ಇಡೋಣ ಎಂದುಕೊಂಡೆ. ಒಂದೊಂದಕ್ಕೇ ಯಾಕೆ, ಮನೆತನಕ್ಕೇ ಮಾಡಿದರಾಯಿತು. ಮನೆತನದಿಂದ ಹಳೆಯ ಗೂಡನ್ನು ಅಳಿಸಿ ಹೊಸದನ್ನು ಬರೆದೆ. ಸಾವಿರಾರು ಚೌಕಗಳೂ ಆ ಕ್ಷಣಕ್ಕೇ ತಮ್ಮ ಹಳೆಯ ಗೂಡನ್ನು ಕಿತ್ತೊಗೆದವು, ಒಳಗಿದ್ದದ್ದರ ಸಮೇತ. ಹಕ್ಕಿ ಇದ್ದ ಜಾಗದಲ್ಲಿ ಏನೋ ಮುರಿಯಿತೆಂದು ತೋರಿಸುವ ಕೆಂಪು ಪೆಟ್ಟಿಗೆ, ಅದರ ಮೇಲೆ ಅಡ್ಡಡ್ಡ ಎರಡು ಹಳದಿ ಗೆರೆ. ಹಳೆಯ ಗೂಡನ್ನು ಮತ್ತೆ ಬರೆದೆ. ಗೂಡು ಬಂತು, ಖಾಲಿಯಾಗಿ ಬಂತು. ಒಳಗೆ ಅಜ್ಜಿ ಕೆಮ್ಮಿದ ಸದ್ದಾಯಿತು. ಗಡಿಬಿಡಿಯಲ್ಲಿ ಮುಚ್ಚಲು ಹೋದೆ, ಉಳಿಸಲೇ ಎಂದು ಅದು ಕೇಳಿತು. ಕರೆಂಟು ನಂಬಬೇಡ, ಯಾವಾಗಲೂ ಉಳಿಸು ಎಂದು ಮಾವ ಹೇಳಿಕೊಟ್ಟಿದ್ದ. ಹೂಂ ಎಂದು ಒತ್ತಿಬಿಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಹಕ್ಕಿಯನ್ನು ಇನ್ನೊಮ್ಮೆ ನೋಡಬೇಕೆಂದು ಸನ್ನೆ ಮಾಡಿದ.

"ಕರೆಂಟಿಲ್ಲಪ್ಪ," ಅಂದೆ.

ಅಪ್ಪ ಕತ್ತೆತ್ತಿದ. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವನು ಫ್ಯಾನನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮಲಗಿಕೊಂಡ. ಶನಿವಾರ ಹಕ್ಕಿಯ ಸನ್ನೆಯನ್ನೇ ಮಾಡಲಿಲ್ಲ. ಆ ಎರಡು ದಿನ ನಾನು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಅವ್ವ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಭಾನುವಾರ ಮಾವ ಬಂದ. ಅವನನ್ನು ಹಿತ್ತಲಿಗೆ ಕರೆದೊಯ್ದು ಎಲ್ಲ ಹೇಳಿದೆ. ಅವನು ಎರಡು ಗಂಟೆ ಯಂತ್ರದ ಮುಂದೆ ಕುಳಿತ. ಬರೆದ ಪ್ರತಿ ಸಾಲನ್ನೂ ಅದು ಪಕ್ಕದ ಕಡತವೊಂದರಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಿತ್ತಂತೆ. ಅದರಿಂದ ನನ್ನ ಸಗಣಿಹುಳದ ನಡಿಗೆ, ಎಡಕ್ಕೆ ತಿರುಗುವ ಪದ್ಧತಿ, ನಾನು ಅಳಿಸಿದ ಗೂಡು, ನಾನು ಬರೆದದ್ದೆಲ್ಲ ತೇದಿ ಸಮೇತ ಮರಳಿ ಬಂತು. ಅಪ್ಪ ಏನನ್ನೂ ಬರೆದಿರಲಿಲ್ಲ. ಕೈಯಾರೆ ಒತ್ತಿದ್ದ ಅಷ್ಟೆ. ಕೈ ಮಾಡಿದ್ದನ್ನು ಆ ಕಡತ ಗುರುತು ಹಾಕಿಕೊಂಡಿರಲಿಲ್ಲ. ಫ್ಲಾಪಿಗೆ ಹಿಡಿಸದಷ್ಟು ದೊಡ್ಡದೆಂದು ಇನ್ನೊಂದು ಪ್ರತಿಯನ್ನೂ ಮಾವ ತೆಗೆದಿಟ್ಟಿರಲಿಲ್ಲ.

"ನಾನು ಹೇಳಲ್ಲ ಅಮ್ಮಣ್ಣಿ. ನೀನೇ ಹೇಳ್ಬೇಕು," ಅಂದ ಮಾವ. ಅವನ ಮುಖವೂ ಬಿಳುಚಿಕೊಂಡಿತ್ತು.

ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಅವ್ವ ಅವನಿಗೆ ಉಣ್ಣಿಸುತ್ತಿದ್ದಳು. ಹೊಸ್ತಿಲ ಮೇಲೆ ಅಜ್ಜಿ ಕಡ್ಲೆಕಾಯಿ ಸುಲಿಯುತ್ತಿದ್ದಳು. ಎಲ್ಲರೂ ಇರುವಾಗಲೇ ಹೇಳಿದೆ.

"ಅಪ್ಪ, ಹಕ್ಕಿ ಹೋತು. ನಾನೇ ಕಳೆದೆ. ಎಣಿಕೆ ಕದಿಯಾಕೆ ಹೋಗಿದ್ದೆ."

ಅವ್ವನ ಕೈ ತಟ್ಟೆಯಲ್ಲೇ ನಿಂತಿತು. ಅಜ್ಜಿ ತೆಲುಗಿನಲ್ಲಿ ಏನೋ ಅಂದಳು. ಅಪ್ಪ ನಿಧಾನವಾಗಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಆ ದಿನ ಪೂರ್ತಿ ಅವನು ನನ್ನ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲ. ಲೋಟ ಹಿಡಿದು ನಿಂತೆ, ನಿಂತು ನಿಂತು ಅದನ್ನು ಅವ್ವನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಅತ್ತೆ.

ಸೋಮವಾರ ಬೆಳಿಗ್ಗೆ ಅವ್ವ ಅವನನ್ನು ಯಂತ್ರದ ಕಡೆ ಕರೆದೊಯ್ಯಲು ಎಬ್ಬಿಸಿದಳು.

"ಆದದ್ದಾತು. ಇನ್ನೊಂದ್ಸಲ ಇಡ್ರಿ. ಹದಿನೈದು ದಿನ ತಾನೆ."

ಅಪ್ಪ ತಲೆಯಾಡಿಸಿ ಬೇಡವೆಂದ. ಎಡಗೈಯಿಂದ ಮಗ್ಗವನ್ನು ತೋರಿಸಿದ, ಆಮೇಲೆ ನನ್ನನ್ನು. ನನಗೆ ಅರ್ಥವಾಗಲಿಲ್ಲ. ಮತ್ತೆ ಮಗ್ಗದ ಕುಣಿಯನ್ನು ತೋರಿಸಿದ. ಕಾಲು ಇಳಿಬಿಟ್ಟು ಕೂರುವ ಆ ಕುಣಿಯಲ್ಲಿ ನಾನು ಒಮ್ಮೆಯೂ ಇಳಿದಿರಲಿಲ್ಲ. ಹೊಸ್ತಿಲ ಮೇಲೆ ಕುಳಿತಿದ್ದ ಅಜ್ಜಿ ಕೈಯ ಮೊರವನ್ನು ಕೆಳಗಿಟ್ಟಳು.

"ಬೇರೆ ಮನೆಗೆ ಹೋಗೋ ಕೂಸು ಕಣೋ ಅದು. ನಿಮ್ಮಪ್ಪನ ಹಕ್ಕಿ ಅದರ ಕೈಗೆ ಕೊಡ್ತೀಯಾ?"

ಅಪ್ಪ ಬಾಯಿ ತೆರೆದ. ಒಂದು ಮಾತು ಹೊರಡಲು ಎಷ್ಟೋ ಹೊತ್ತು ಹಿಡಿಯಿತು.

"ಕ... ಲೀಲಿ," ಅಂದ.

ನಾನು ಕುಣಿಗಿಳಿದೆ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿದರು. ಅವನು ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದ. ಹೆಬ್ಬೆರಳಿಂದ ನಾಲ್ಕು ಸಲ ತಟ್ಟಿ ಸುಮ್ಮನಾದ, ನಾಲ್ಕು ಎಳೆ ಬಿಡು ಎಂದು. ಆಮೇಲೆ ಒತ್ತಿ ಹಿಡಿದು ಮೂರು ತಟ್ಟಿದ, ಮೂರು ಎತ್ತು ಎಂದು. ತಪ್ಪಿದರೆ ಬಿಗಿಯಾಗಿ ಹಿಂಡುತ್ತಿದ್ದ, ನಾನು ಬಿಚ್ಚಿ ಮತ್ತೆ ಎಣಿಸುತ್ತಿದ್ದೆ. ಅವ್ವ ಜರಿ ತೂರಿಸುತ್ತಿದ್ದಳು. ಮೊದಲ ಸಾಲನ್ನು ಏಳು ಸಲ ಬಿಚ್ಚಿಸಿದ. ಅವನು ನನ್ನನ್ನು ಕ್ಷಮಿಸಿದ್ದಾನೆಂದು ನನಗೆ ಅನ್ನಿಸಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಆಮೇಲೆ ಪರದೆಗಿಂತ ಹಾಸಿನ ಮೇಲೆ ಅವನ ಹೆಬ್ಬೆರಳಿಗೆ ಎಣಿಕೆ ಬೇಗ ಬೇಗ ಬಂತು. ಕಾಲು ಬಂತು, ಹೊಟ್ಟೆ ಬಂತು, ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಎದೆಯೂ ಬಂತು. ಕುತ್ತಿಗೆಯ ಹತ್ತಿರ ಅಪ್ಪನ ಹೆಬ್ಬೆರಳು ತಡವರಿಸಿತು. ಆರು ತಟ್ಟಿದ, ಅಲ್ಲವೆಂದು ಹಿಂಡಿದ, ನಾಲ್ಕು ತಟ್ಟಿದ, ಅದೂ ಅಲ್ಲ. ಪರದೆಯ ಮೇಲಾದರೆ ಇಟ್ಟು ನೋಡಿ ತೆಗೆಯಬಹುದಿತ್ತು, ಇಲ್ಲಿ ಒಂದರ ಹಿಂದೆ ಒಂದು ಸರಿಯಾಗಿ ಹೇಳಬೇಕು. ಅವನ ತಲೆಯಲ್ಲಿ ಆ ಜಾಗ ಹೋಗಿತ್ತು. ಮತ್ತೆ ಮತ್ತೆ ತಟ್ಟಿದ. ಕೊನೆಗೆ ಹೆಬ್ಬೆರಳು ನಿಂತಿತು, ಅವನ ಕಣ್ಣಿಂದ ನೀರು ಇಳಿಯಿತು. ಅವ್ವ ಸೆರಗಿನಿಂದ ಒರೆಸಿದಳು.

"ಐದು ವದುಲು," ಎಂದು ಹೊಸ್ತಿಲಿನಿಂದ ಕೇಳಿಸಿತು. "ರೆಂಡು ಎತ್ತು. ತಿರಗಾ ಮೂಡು ವದುಲು, ಒಕಟಿ ಎತ್ತು."

ಐದು ಬಿಡು, ಎರಡು ಎತ್ತು. ಮತ್ತೆ ಮೂರು ಬಿಡು, ಒಂದು ಎತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು, ಮೊರ ಮತ್ತೆ ಮಡಿಲಲ್ಲಿತ್ತು. ಅಪ್ಪ ತಿರುಗಿ ಅವಳನ್ನು ನೋಡಿದ.

"ಇದು ನಿಮಗೆ ಹೆಂಗೆ ಗೊತ್ತಾತ್ರಿ ಅತ್ತೆ?" ಅಂದಳು ಅವ್ವ.

"ನಿಮ್ಮ ಮಾವನ ಹಕ್ಕಿ ಅಲ್ಲ ಅದು. ನಮ್ಮಪ್ಪಂದು. ನಂಗೇನು ಹೇಳಿಕೊಡ್ಲಿಲ್ಲ ಆತ. ನಮ್ಮಣ್ಣಂಗೆ ಹೇಳಿಕೊಡೋವಾಗ ಮುಸುರೆ ತಿಕ್ಕಂತ ಕೇಳಿಸ್ಕಂಡೆ. ಇಲ್ಲಿಗೆ ಬಂದ ಮ್ಯಾಲೆ ನಿಮ್ಮ ಮಾವಂಗೆ ಹೇಳ್ದೆ. ಯಾರಿಗೂ ಅನ್ನಬ್ಯಾಡ ಅಂದಿದ್ರು, ಅನ್ಲಿಲ್ಲ."

ತಾತನದೆಂದು ನಾವೆಲ್ಲ ನಂಬಿದ್ದ ಆ ಎಣಿಕೆ, ಮಗ್ಗ ನಿಂತಿದ್ದ ಅಷ್ಟು ದಿನವೂ ಅವಳ ಬಾಯಲ್ಲಿತ್ತು. ಹೆಣ್ಣುಮಕ್ಕಳು ಕೊಂಡೊಯ್ಯುತ್ತಾರೆ ಎಂಬುದು ಆ ಮನೆಯಲ್ಲಿ ಖಂಡಿತವಾಗಿ ಗೊತ್ತಿದ್ದವಳು ಅವಳೊಬ್ಬಳೇ. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅವಳಿಗಾಗಿ ಹೇಳತೀರದ ಸಂಕಟವಾಯಿತು. ಅಪ್ಪ ಅವಳನ್ನು ಇನ್ನೂ ನೋಡುತ್ತಲೇ ಇದ್ದ. ಅಜ್ಜಿ ಕಣ್ಣು ತೆರೆಯಲಿಲ್ಲ.

"ಕೈ ನಿಲ್ಲಿಸಬ್ಯಾಡ ಕೂಸೆ. ಕುತ್ತಿಗೆ ತಿರುಗ್ಬೇಕು," ಅಂದಳು.

ಅಪ್ಪ ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ನಾನು ಐದು ಎಳೆ ಬಿಟ್ಟು ಎರಡು ಎತ್ತಿದೆ.